ಕ್ರೆಡಿಟ್ ಕಾರ್ಡ್: ಕನಿಷ್ಠ ಪಾವತಿಯ ಲೆಕ್ಕಾಚಾರ

ಶಾಲಾರಂಭದ ಹಂಗಾಮಿನಲ್ಲಿ ಅವೆನ್ಯೂ ರಸ್ತೆಯ ಪುಸ್ತಕ ಹಾಗೂ ಕಾಗದದ ವರ್ತಕರಿಗೆ ಸರಕಿನ ಖರೀದಿ ಮೊದಲು, ವಸೂಲಿ ಆಮೇಲೆ. ಈ ಅಂತರವನ್ನು ಕ್ರೆಡಿಟ್ ಕಾರ್ಡಿನಿಂದ ತುಂಬಿ, ತಿಂಗಳು ತಿಂಗಳು ‘ಕನಿಷ್ಠ ಪಾವತಿ’ಯನ್ನಷ್ಟೇ ಕಟ್ಟುವವರು ಅದರ ನಿಜವಾದ ವೆಚ್ಚವನ್ನು ಅರಿಯುವುದು ಅಗತ್ಯ.

ಕನಿಷ್ಠ ಮೊತ್ತ ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆ, ಖಾತೆ ಸುಸ್ತಿಯಾಗುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಉದಾಹರಣೆಗೆ, ಬಾಕಿ 1,00,000 ರೂ., ಮಾಸಿಕ ಬಡ್ಡಿ ಶೇ. 3.5 ಎಂದಿಟ್ಟುಕೊಂಡರೆ:

ಕಟ್ಟಿದ ಮೊತ್ತ (ಬಾಕಿಯ ಶೇ. 5): 5,000 ರೂ.
ಬಡ್ಡಿಗೆ ಜಮಾ: 3,500 ರೂ.
ಬಡ್ಡಿಯ ಮೇಲಿನ ಶೇ. 18 ಜಿ.ಎಸ್.ಟಿ.ಗೆ: 630 ರೂ.
ಅಸಲಿಗೆ ಜಮಾ: 870 ರೂ. ಮಾತ್ರ

ಹೊಸ ಖರೀದಿ ಮಾಡದೆ, ತಿಂಗಳಿಗೆ 5,000 ರೂ.ಗಳಂತೆ ವರ್ಷಕ್ಕೆ 60,000 ರೂ. ಕಟ್ಟಿದರೂ ಸುಮಾರು 87,000 ರೂ. ಬಾಕಿ ಉಳಿಯುತ್ತದೆ. ಹಿಂದಿನ ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೂ ದೊರೆಯದು.

ಕನಿಷ್ಠ ಮೊತ್ತ ಕಟ್ಟಿಯೂ ಬಾಕಿ ಬೆಳೆಯುವಂತಿರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿರ್ದೇಶಿಸಿತು. ಆದರೆ ಬಾಕಿ ಬೆಳೆಯದಿರುವುದು ಬೇರೆ, ತೀರುವುದು ಬೇರೆ. ವಾರ್ಷಿಕ ಬಡ್ಡಿಗೆ ಶೇ. 30ರ ಮಿತಿ ಹಾಕಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು.

ಮೇಲಿನ ಉದಾಹರಣೆಯಲ್ಲಿ ಸಾಲದ ವೆಚ್ಚ ತಿಂಗಳಿಗೆ ಶೇ. 4.13. ಸರಕಿನ ಲಾಭ ಇದನ್ನು ಮೀರದಿದ್ದರೆ ದುಡಿಮೆಯೆಲ್ಲ ಬಡ್ಡಿಗೇ ಸಂದಂತೆ. ಪೂರ್ತಿ ಬಾಕಿ ಕಟ್ಟಲಾಗದ ವರ್ತಕರು ಬ್ಯಾಂಕಿನ ಓವರ್‌ಡ್ರಾಫ್ಟ್ ಸೌಲಭ್ಯವನ್ನು ವಿಚಾರಿಸುವುದು ಲೇಸು. ಅದರ ಬಡ್ಡಿದರ ಸಾಮಾನ್ಯವಾಗಿ ಬಹಳ ಕಡಿಮೆ. ಆ ಬಡ್ಡಿಗೆ ಜಿ.ಎಸ್.ಟಿ.ಯೂ ಇಲ್ಲ.