ರತ್ನಗಂಬಳಿ ತೊಳೆಯುವ ಯಂತ್ರದ ಆಯ್ಕೆ

ರತ್ನಗಂಬಳಿಯನ್ನು ಮನೆಯಲ್ಲಿಯೇ ತೊಳೆಯುವ ವಿದ್ಯುದ್ಯಂತ್ರವನ್ನು ಕೊಳ್ಳಹೊರಟಾಗ ನಾವು ಮೊದಲು ವಿಚಾರಿಸುವುದು ಅದರ ಮೋಟಾರು ಎಷ್ಟು ವ್ಯಾಟಿನದೆಂಬುದನ್ನು. ಆದರೆ ವ್ಯಾಟು ಯಂತ್ರವು ಬಳಸುವ ವಿದ್ಯುತ್ತಿನ ಅಳತೆಯೇ ಹೊರತು ಅದು ಮಾಡುವ ಕೆಲಸದ ಅಳತೆಯಲ್ಲ.

ಈ ಯಂತ್ರವು ಮಾರ್ಜಕ ಬೆರೆತ ನೀರನ್ನು ಹಾಸಿನ ಎಳೆಗಳೊಳಕ್ಕೆ ಸಿಂಪಡಿಸಿ, ಕೊಳೆಯೊಡನೆ ಅದನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಸೆಳೆಯುವುದೆಂದರೇನು? ಒಳಗಿನ ಬೀಸಣಿಗೆಯು ಗಾಳಿಯನ್ನು ಹೊರದೂಡಿ ಒತ್ತಡವನ್ನು ತಗ್ಗಿಸುವುದು. ಆಗ ಹೊರಗಿನ ವಾಯುವೇ ನೀರನ್ನು ಒಳಕ್ಕೆ ನೂಕುವುದು. ಈ ಒತ್ತಡದ ಅಂತರವನ್ನು ಕಿಲೋಪಾಸ್ಕಲ್‌ಗಳಲ್ಲಿ ಹೇಳುವರು. 10 ಕಿಲೋಪಾಸ್ಕಲ್ ಎಂದರೆ ಸುಮಾರು 1 ಮೀಟರು ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲ ಅಂತರ. ಇದರೊಡನೆ ಗಾಳಿಯ ಹರಿವೂ ಸಾಕಷ್ಟಿರಬೇಕು.

ಸೆಳೆತ ಸಾಲದಾದರೆ ನೀರು ಹಾಸಿನ ತಳದಲ್ಲಿಯೇ ಉಳಿಯುವುದು. ಒಂದೆರಡು ದಿನಗಳಲ್ಲಿ ಆರದ ಹಾಸಿನಲ್ಲಿ ಬೂಷ್ಟು ಬೆಳೆಯತೊಡಗುತ್ತದೆ. ಅದರ ಬೀಜಕಣಗಳು ಉಬ್ಬಸವುಳ್ಳವರಿಗೆ ಹಾನಿಕರ. ತೇವ ಬೇಗ ಆರದ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು.

ಕೊಳೆನೀರಿನ ತೊಟ್ಟಿಯು ಬೇರೆಯಾಗಿದ್ದು, ಬಿಚ್ಚಿ ತೊಳೆಯಲು ಸುಲಭವಾಗಿರಬೇಕು. ಹಾಸು ಉಣ್ಣೆಯದಾದರೆ ಬಿಸಿನೀರನ್ನೂ ಗಡುಸಾದ ಬ್ರಷ್ಷನ್ನೂ ವರ್ಜಿಸಬೇಕು.

ಆದುದರಿಂದ ಹಣ ತೆರುವುದಕ್ಕೆ ಮೊದಲು ಅಂಗಡಿಯಲ್ಲಿಯೇ ಯಂತ್ರವನ್ನು ನಡೆಸಿ ನೋಡೋಣ. ತೊಳೆದ ಜಾಗದ ಮೇಲೆ ಒಣಗಿದ ಬಿಳಿಯ ಬಟ್ಟೆಯನ್ನು ಒತ್ತಿ ಹಿಡಿದರೆ, ಅದು ನೆನೆಯುವ ಪ್ರಮಾಣದಿಂದ ಹಿಂದುಳಿದ ನೀರೆಷ್ಟೆಂಬುದೂ, ಅದಕ್ಕೆ ಹತ್ತುವ ಬಣ್ಣದಿಂದ ಉಳಿದ ಕೊಳೆಯೆಷ್ಟೆಂಬುದೂ ತಿಳಿಯುತ್ತವೆ.