ಹಳೆಯ ಕಂಪ್ಯೂಟರ್ ಕೊಡುವ ಮುನ್ನ: ಸಂಘದ ಗುಟ್ಟು ಸಂಘದಲ್ಲೇ ಇರಲಿ



ಕಂಪ್ಯೂಟರ್ ಪಾಠ ನಮಗ್ಯಾಕೆ ಅಂತ ಪುಟ ತಿರುವಬೇಡಿ. ಕಂಪ್ಯೂಟರನ್ನು ಒಂದು ದಿನವೂ ಮುಟ್ಟದವರ ಹೆಸರೂ ಅದರೊಳಗೆ ಇರುತ್ತದೆ. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿದಾಗ ಸಂಘದ ಲೆಕ್ಕವೆಲ್ಲ ಕೈಬರಹದ ಪುಸ್ತಕದಲ್ಲಿತ್ತು. ಪುಸ್ತಕ ಪೆಟ್ಟಿಗೆಯಲ್ಲಿ, ಬೀಗದ ಕೈ ಸದಸ್ಯೆಯ ಸೆರಗಿನಲ್ಲಿ. ಇವತ್ತು ತುಮಕೂರಾಗಲಿ, ಗುಬ್ಬಿ ಕುಣಿಗಲ್ ಆಗಲಿ, ಸಾಲದ ಅರ್ಜಿ ಅಂದರೆ ಆಧಾರ್, ಪಾಸ್‌ಬುಕ್, ಫೋಟೋ ಎಲ್ಲವೂ ಸ್ಕ್ಯಾನ್ ಆಗಿ ಕಚೇರಿಯ ಕಂಪ್ಯೂಟರಿನಲ್ಲೋ ಅಂಗಡಿಯ ಕಂಪ್ಯೂಟರಿನಲ್ಲೋ ಕೂರುತ್ತವೆ. ಆ ಕಂಪ್ಯೂಟರ್ ಹಳೆಯದಾಗಿ ಗುಜರಿಗೆ ಹೋದಾಗ ಒಳಗಿರುವುದೂ ಜೊತೆಗೇ ಹೋಗುತ್ತದೆ.

ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಹಳೆಯ ಯಂತ್ರ ಕೊಟ್ಟು ಹೊಸದು ತರುವ ಮಾತು ಈಗ ಬಂದೇ ಬರುತ್ತದೆ. ಆದ್ದರಿಂದ ಈ ಪಾಠ.

ಅಳಿಸಿದರೆ ಅಳಿಯುತ್ತದೆಯೇ?

ಫೈಲನ್ನು ಡಿಲೀಟ್ ಮಾಡಿದರೆ ಅದು ಮೊದಲು ರಿಸೈಕಲ್ ಬಿನ್‌ಗೆ ಹೋಗುತ್ತದೆ. ಅದನ್ನೂ ಖಾಲಿ ಮಾಡಿದರೆ ಮುಗೀತು ಅಂತ ನಾವು ತಿಳಿಯುತ್ತೇವೆ. ಮುಗಿದಿರುವುದಿಲ್ಲ. ಸಂಘದ ಪುಸ್ತಕದ ಮೊದಲ ಪುಟದಲ್ಲಿ ಸದಸ್ಯರ ಪಟ್ಟಿ ಇರುತ್ತದೆ, ಯಾರ ಲೆಕ್ಕ ಎಷ್ಟನೇ ಪುಟದಲ್ಲಿ ಅಂತ. ಪಟ್ಟಿಯಲ್ಲಿ ಒಂದು ಹೆಸರಿಗೆ ಗೀಟು ಹಾಕಿದರೆ ಒಳಗಿನ ಪುಟ ಹರಿದುಹೋಗುತ್ತದೆಯೇ? ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಲ್ಲೂ ಹಾಗೆಯೇ. ಪಟ್ಟಿಗೆ ಮಾತ್ರ ಗೀಟು ಬೀಳುತ್ತದೆ. ಆ ಜಾಗದ ಮೇಲೆ ಬೇರೆ ಬರಹ ಬೀಳುವವರೆಗೂ ಹಳೆಯದನ್ನು ತೆಗೆದು ಓದುವ ಸಾಫ್ಟ್‌ವೇರ್‌ಗಳು ಸುಲಭವಾಗಿ ಸಿಗುತ್ತವೆ.

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಇಬ್ಬರು ಸಂಶೋಧಕರು 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಶುದ್ಧ ಮಾಡಿದ್ದು ಕೇವಲ 12. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರುಗಳು ಸಿಕ್ಕವು.

ನಮ್ಮದರಲ್ಲಿ ಕದಿಯುವಂಥದ್ದು ಏನಿದೆ?

ಕೆಲವರು ಹೀಗೆ ಕೇಳುತ್ತಾರೆ. ಎಣಿಸಿ ನೋಡಿ: ಇಪ್ಪತ್ತು ಸದಸ್ಯೆಯರ ಆಧಾರ್, ಖಾತೆ ನಂಬರ್, ಮೊಬೈಲ್ ನಂಬರ್, ಸಹಿ. ಯಾರು ಎಷ್ಟು ಸಾಲ ಪಡೆದರು, ಯಾರದು ಕಂತು ಬಾಕಿ, ಯಾರು ಯಾವ ಕಷ್ಟಕ್ಕೆ ಹಣ ಕೇಳಿದರು. ನಿಮ್ಮ ಹೆಸರು, ಸಾಲದ ಮೊತ್ತ, ಕಂತಿನ ತಾರೀಕು ಸರಿಯಾಗಿ ಹೇಳಿ “ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದೀವಿ, ಒಟಿಪಿ ಹೇಳಿ” ಅಂದರೆ ಎಂಥವರಿಗೂ ನಂಬಿಕೆ ಬಂದುಬಿಡುತ್ತದೆ. ಅದಕ್ಕಿಂತ ದೊಡ್ಡದು ಮಾನ. ಮಗಳ ಆಸ್ಪತ್ರೆ ಖರ್ಚಿಗೆ ಸಾಲ ಕೇಳಿದ ತಾಯಿ ಅದನ್ನು ಸಂಘದ ಮುಂದೆ ಹೇಳಿದ್ದಾಳೆ, ಊರಿನ ಮುಂದೆ ಅಲ್ಲ.

ಈ ಗೌರವಕ್ಕೆ ಕಾನೂನಿನ ಬಲವೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಪ್ರಕಟವಾದ ಅದರ ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುವಂಥವು.

ಮಾಡಬೇಕಾದ ಕೆಲಸ, ಒಂದೊಂದಾಗಿ

1. ಮೊದಲು ನಕಲು. ಸಂಘಕ್ಕೆ ಬೇಕಾದ ಲೆಕ್ಕ, ಆಡಿಟ್ ಕಾಗದ, ಫೋಟೋಗಳನ್ನು ಪೆನ್‌ಡ್ರೈವ್‌ಗೋ ಹೊಸ ಕಂಪ್ಯೂಟರಿಗೋ ಹಾಕಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಅಳಿಸಿದ ಮೇಲೆ ಅಳುವುದು ಬೇಡ.

2. ಹೊರಗೆ ಬನ್ನಿ. ಇಮೇಲ್, ಗೂಗಲ್ ಖಾತೆಗಳಿಂದ ಸೈನ್ ಔಟ್ ಆಗಿ. ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದಿದ್ದರೆ ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗ್ ಔಟ್ ಮಾಡಿ.

3. ಪೂರ್ತಿ ಶುದ್ಧ ಮಾಡಿ. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ರಿಕವರಿ’, ಅದರಲ್ಲಿ ‘ರಿಸೆಟ್ ದಿಸ್ ಪಿಸಿ’, ಆಮೇಲೆ ‘ರಿಮೂವ್ ಎವೆರಿಥಿಂಗ್’ ಒತ್ತಿ. ಅಲ್ಲಿಗೇ ನಿಲ್ಲಬೇಡಿ. ‘ಚೇಂಜ್ ಸೆಟ್ಟಿಂಗ್ಸ್’ಗೆ ಹೋಗಿ ‘ಕ್ಲೀನ್ ಡೇಟಾ’ ಎನ್ನುವುದನ್ನು ಆನ್ ಮಾಡಿ. ಇದೇ ಮುಖ್ಯ. ಡಿ ಡ್ರೈವ್‌ನಲ್ಲೂ ಫೈಲುಗಳಿದ್ದರೆ ಎಲ್ಲ ಡ್ರೈವ್‌ಗಳನ್ನೂ ಅಳಿಸಲು ಹೇಳಿ. ಗಂಟೆಗಟ್ಟಲೆ ಹಿಡಿಯಬಹುದು. ಕರೆಂಟ್ ಹೋಗದ ಹೊತ್ತು ನೋಡಿಕೊಂಡು, ಯುಪಿಎಸ್ ಇದ್ದರೆ ಹಾಕಿಕೊಂಡು ಕೂರಿ.

4. ಆನ್ ಆಗದ ಕಂಪ್ಯೂಟರ್ ಇದ್ದರೆ? ಕೆಟ್ಟಿದೆ, ಇನ್ನೇನು ಅಂತ ಕೊಡಬೇಡಿ. ಯಂತ್ರ ಕೆಟ್ಟರೂ ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇರಬಹುದು. ಅದನ್ನು ಬಿಚ್ಚಿ ಕೊಡಲು ರಿಪೇರಿಯವರಿಗೆ ಹೇಳಿ, ಡಿಸ್ಕ್ ನಿಮ್ಮ ಕೈಗೆ ತೆಗೆದುಕೊಳ್ಳಿ. ನಾಶ ಮಾಡುವುದಾದರೆ ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಒಳಗಿನ ದುಂಡನೆಯ ತಟ್ಟೆಗಳು ಮುರಿಯುವಂತೆ ಸುತ್ತಿಗೆಯಿಂದ ಹೊಡೆಯಿರಿ. ಕೆಲವು ತಟ್ಟೆಗಳು ಗಾಜಿನವು, ಚೂರು ಸಿಡಿಯುತ್ತದೆ, ಜೋಕೆ. ಈಚಿನ ಎಸ್‌ಎಸ್‌ಡಿ ಆದರೆ ತಟ್ಟೆ ಇರುವುದಿಲ್ಲ. ಅದರ ಮೇಲಿನ ಒಂದೊಂದು ಚಿಪ್ಪೂ ಒಡೆಯಬೇಕು. ಡಿಸ್ಕನ್ನು ಬೆಂಕಿಗೆ ಮಾತ್ರ ಹಾಕಬೇಡಿ, ಅದರ ಹೊಗೆ ವಿಷ.

5. ಉಳಿದ ಯಂತ್ರವನ್ನು ಎಲ್ಲಿಗೆ ಕೊಡುವುದು? ಚೆನ್ನಾಗಿದ್ದರೆ, ಶುದ್ಧ ಮಾಡಿ, ಊರಿನ ಶಾಲೆಗೆ ಕೊಡಿ. ಕೆಟ್ಟಿದ್ದರೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. ಇದಕ್ಕಾಗಿಯೇ ಇರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಳೆಯ ದಪ್ಪ ಮಾನಿಟರ್‌ನಲ್ಲಿ ಸೀಸ ಇರುತ್ತದೆ, ಕೆರೆ ದಂಡೆಗೆ ಎಸೆಯುವ ವಸ್ತು ಅಲ್ಲ.

ಫೋನಿಗೂ ಇದೇ ನಿಯಮ

ಪಾತ್ರೆಗೆ, ಪ್ಲಾಸ್ಟಿಕ್ ಬಕೆಟ್ಟಿಗೆ ಹಳೆಯ ಫೋನ್ ಕೊಡುವವರು ಇದ್ದಾರೆ. ಕೊಡುವ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಫೋಟೋ ಬೇಕಾದರೆ ನಕಲು ಮಾಡಿಕೊಳ್ಳಿ. ಫೋನ್‌ಪೇ, ಗೂಗಲ್ ಪೇ ಮುಂತಾದವುಗಳಿಂದ ಹೊರಬನ್ನಿ. ಗೂಗಲ್ ಖಾತೆಯನ್ನು ಫೋನಿನಿಂದ ತೆಗೆಯಿರಿ. ಇಲ್ಲವಾದರೆ ರಿಸೆಟ್ ಆದ ಮೇಲೂ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಕೊನೆಗೆ ‘ಫ್ಯಾಕ್ಟರಿ ರಿಸೆಟ್’ ಮಾಡಿ.

ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರಿಂಟ್ ತೆಗೆಸಲು ವಾಟ್ಸಾಪ್‌ನಲ್ಲಿ ಕಳಿಸಿದರೆ, ಕೆಲಸ ಮುಗಿದ ಮೇಲೆ “ಅಣ್ಣಾ, ನನ್ನ ಕಣ್ಣ ಮುಂದೆ ಡಿಲೀಟ್ ಮಾಡಿ” ಅಂತ ಕೇಳಿ. ಪೂರ್ತಿ ಅಳಿಯದಿದ್ದರೂ ದಾರಿಹೋಕರ ಕಣ್ಣಿಗಂತೂ ಬೀಳುವುದಿಲ್ಲ. ಕೇಳಲು ನಾಚಿಕೆ ಬೇಡ. ಸಾಧ್ಯವಾದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಹಣ ಹೋಗಿದ್ದು ಗೊತ್ತಾದರೆ ಯಾರು ಬೈದಾರೋ ಅಂತ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಹಿಡಿಯುವುದು ಕಷ್ಟ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದ ಕಾಗದಪತ್ರಗಳು ಯಾವ ಯಾವ ಕಂಪ್ಯೂಟರ್, ಫೋನುಗಳಲ್ಲಿ ಇವೆ?

• ಸಂಘ ಬಿಟ್ಟುಹೋದ ಸದಸ್ಯೆಯರ ಆಧಾರ್ ಪ್ರತಿ ಇನ್ನೂ ಇಟ್ಟಿದ್ದೇವೆಯೇ? ಯಾಕೆ?

• ಹಳೆಯ ಯಂತ್ರ ಕೊಡುವಾಗ ಜವಾಬ್ದಾರಿ ಯಾರದು?

ಮೂರನೆಯದಕ್ಕೆ ನಮ್ಮ ಸಲಹೆ ಇಷ್ಟು: ಇಬ್ಬರು ಸದಸ್ಯೆಯರ ಎದುರಿನಲ್ಲೇ ಕೆಲಸ ನಡೆಯಲಿ. ಯಾವ ಯಂತ್ರ, ಯಾವ ತಾರೀಕು, ಯಾರು ಅಳಿಸಿದರು, ಯಾರಿಗೆ ಕೊಟ್ಟೆವು ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಗುಜರಿಯವರು ಕೊಡುವ ಹಣ ಒಂದು ವಾರದ ಉಳಿತಾಯಕ್ಕೂ ಸಾಲದೇ ಇರಬಹುದು. ಒಳಗಿರುವುದು ಮಾತ್ರ ವರ್ಷಗಟ್ಟಲೆ ಕೂಡಿಟ್ಟ ನಂಬಿಕೆ.