ವೈವಿಧ್ಯ ಎಂದ ಮೇಲೆ ರಿಯಾಯಿತಿ ಯಾಕೆ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಕೆಲಸದ ನಿಮಿತ್ತ ಪುಣೆಯ ಚಿಂಚವಡದಲ್ಲಿ ನೆಲೆಸಿದ್ದೇವೆ. ಏಳನೆಯ ತರಗತಿಯಲ್ಲಿರುವ ಮಗನಿಗೆ ಡಿಸ್ಲೆಕ್ಸಿಯಾ ಇರಬಹುದು, ತಪಾಸಣೆ ಮಾಡಿಸಿ ಎಂದು ಶಾಲೆಯ ಕೌನ್ಸೆಲರ್ ಹೇಳಿದ್ದಾರೆ. ಅದೇ ಹೊತ್ತಿಗೆ ನಮ್ಮ ಕಂಪನಿಯಲ್ಲಿ ನ್ಯೂರೋಡೈವರ್ಸಿಟಿ ಬಗ್ಗೆ ತರಬೇತಿ ನಡೆಯಿತು. ಅಲ್ಲಿ ‘ಇದು ಕೊರತೆಯಲ್ಲ, ವೈವಿಧ್ಯ’ ಎಂದರು. ಕೊರತೆಯೇ ಅಲ್ಲವಾದರೆ ವೈಕಲ್ಯದ ಸರ್ಟಿಫಿಕೇಟು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಇವೆಲ್ಲ ಯಾಕೆ? ಬೇರೆ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ? ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಇದರಿಂದಲೇ ಹೀಗಾಯಿತೇ?
— ಓದುಗರೊಬ್ಬರು, ಪುಣೆ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಶಾಲೆ ಒಂದು ಮಾತು, ಕಂಪನಿ ಇನ್ನೊಂದು ಮಾತು ಹೇಳಿದಾಗ ಗೊಂದಲವಾಗದಿದ್ದರೇ ಆಶ್ಚರ್ಯ. ನಿಮ್ಮ ಕೊನೆಯ ಸಂದೇಹವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಊರು ಬಿಟ್ಟು ಬಂದು ಮಗನಿಗೆ ತೊಂದರೆ ಮಾಡಿದೆವೇ’ ಎಂಬ ಅಳುಕು ಅದರಲ್ಲಿ ಕಾಣುತ್ತಿದೆ.

ಹಾಗೇನೂ ಇಲ್ಲ. ಹಲವು ಭಾಷೆಗಳ ನಡುವೆ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಅದು ಹುಟ್ಟಿನಿಂದ ಬಂದದ್ದು, ಅನೇಕ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿಯುವಂಥದ್ದು. ಆದರೆ ಒಂದೊಂದು ಭಾಷೆಯಲ್ಲಿ ಅದು ಒಂದೊಂದು ರೀತಿ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹೀಗಾಗಿ ಡಿಸ್ಲೆಕ್ಸಿಯಾ ಇರುವ ಮಗು ತಪ್ಪಿಲ್ಲದೆ, ಆದರೆ ತೀರ ನಿಧಾನವಾಗಿ ಓದಬಹುದು. ಇಂಗ್ಲಿಷಿನಲ್ಲಿ ‘ನೈಟ್’ ಎಂಬ ಒಂದೇ ಉಚ್ಚಾರಕ್ಕೆ ರಾತ್ರಿಗೊಂದು ಸ್ಪೆಲಿಂಗ್, ಸರದಾರನಿಗೊಂದು ಸ್ಪೆಲಿಂಗ್. ಅಲ್ಲಿ ಅದೇ ಮಗು ಪದೇ ಪದೇ ಎಡವುತ್ತದೆ. ಮಗನ ಮರಾಠಿ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ದೇವನಾಗರಿಯಲ್ಲಿ ಹ್ರಸ್ವ ‘ಇ’ಕಾರದ ಗುರುತು ಅಕ್ಷರದ ಎಡಕ್ಕೆ ಬರುತ್ತದೆ, ಉಚ್ಚರಿಸುವುದು ಮಾತ್ರ ಅಕ್ಷರದ ನಂತರ. ನಮ್ಮ ಅರ್ಕಾವತ್ತಿನ ಕಥೆ ಇದಕ್ಕೆ ತಿರುಗುಮುರುಗು: ‘ಸೂರ್ಯ’ದಲ್ಲಿ ಮೊದಲು ಕೇಳುವ ರಕಾರದ ಗುರುತನ್ನು ಆಮೇಲೆ ಬರೆಯುತ್ತೇವೆ. ಉಳಿದ ಮಕ್ಕಳು ಇಂಥವನ್ನು ಗಮನಿಸದೆಯೇ ದಾಟಿಬಿಡುತ್ತಾರೆ. ಕೆಲವರಿಗೆ ಪ್ರತಿ ಸಾಲಿನಲ್ಲೂ ಇದೊಂದು ಕೆಲಸ.

ಇಲ್ಲಿ ಸಂಶೋಧನೆಯ ತಪ್ಪೂ ಒಂದಿದೆ. ಓದುವ ಕಲೆಯ ಬಗೆಗಿನ ಅಧ್ಯಯನಗಳು ಬಹುಕಾಲ ಇಂಗ್ಲಿಷ್ ಓದುವ ಮಕ್ಕಳ ಮೇಲೆಯೇ ನಡೆದವು. ಅವರ ವೇಗವೇ ಎಲ್ಲರಿಗೂ ಅಳತೆಗೋಲಾಯಿತು. 26 ಅಕ್ಷರ ಕಲಿಯುವ ಮಗುವಿಗೂ ಕಾಗುಣಿತ, ಒತ್ತಕ್ಷರಗಳ ನೂರಾರು ರೂಪಗಳನ್ನು ಕಲಿಯುವ ಮಗುವಿಗೂ ಒಂದೇ ಗಡುವು ಹಾಕಿದರೆ ಹೇಗೆ? ಕನ್ನಡದ ಮಕ್ಕಳು ಅಕ್ಷರಗಳ ಮೇಲೆ ಪೂರ್ಣ ಹಿಡಿತ ಸಾಧಿಸಲು ನಾಲ್ಕನೆಯ ತರಗತಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ ಎಂದು ಬೆಂಗಳೂರಿನ ಸೊನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಆಮೇಲೆ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ‘ಡಾಲಿ’ ಎಂಬ ತಪಾಸಣಾ ಸಾಧನವನ್ನು ರೂಪಿಸಿತು. ಅದು ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಆದ್ದರಿಂದ ತಪಾಸಣೆಗೆ ಹೋದಾಗ ‘ಮನೆಮಾತು ಕನ್ನಡ’ ಎಂದು ಮೊದಲೇ ಹೇಳಿ, ಮಗನಿಗೆ ಯಾವ ಭಾಷೆ ಎಷ್ಟು ವರ್ಷದಿಂದ ಪರಿಚಯ ಎಂಬುದನ್ನು ಬರೆಸಿ. ಇಂಗ್ಲಿಷ್ ಪರೀಕ್ಷೆಯೊಂದನ್ನೇ ನಂಬಿ ಕೊಟ್ಟ ವರದಿ ಅರ್ಧ ವರದಿ.

ಇನ್ನು ವೈವಿಧ್ಯ ಮತ್ತು ವೈಕಲ್ಯದ ವಿಷಯ. ನ್ಯೂರೋಡೈವರ್ಸಿಟಿ ಎಂಬ ವಿಚಾರ 1990ರ ದಶಕದಲ್ಲಿ ಆಟಿಸಂ ಇರುವವರ ನಡುವೆಯೇ ಮೊಳೆಯಿತು. ಮನುಷ್ಯರ ಮಿದುಳುಗಳು ಒಂದೇ ಅಚ್ಚಿನವಲ್ಲ, ಬೇರೆ ಅಚ್ಚಿನದೆಲ್ಲ ಕೆಟ್ಟ ಅಚ್ಚೂ ಅಲ್ಲ ಎಂಬುದು ಅವರ ವಾದ. ಇಷ್ಟನ್ನೇ ಕೇಳಿದವರಿಗೆ ‘ಹಾಗಾದರೆ ಸಹಾಯ ಬೇಡ’ ಎಂದು ಅನ್ನಿಸುತ್ತದೆ. ಆ ವಾದ ಮಾಡಿದವರು ಮಾತ್ರ ಹಾಗೆ ಹೇಳಲಿಲ್ಲ. ನಮ್ಮ ತೊಂದರೆಯ ದೊಡ್ಡ ಪಾಲು ಶಾಲೆ, ಕಚೇರಿಗಳು ಒಂದೇ ಅಚ್ಚಿನವರಿಗಾಗಿ ಕಟ್ಟಿಕೊಂಡ ಏರ್ಪಾಡಿನಿಂದ ಬರುತ್ತದೆ, ಅದನ್ನು ಬದಲಿಸಿ ಎಂದರು. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ದೃಷ್ಟಿಯೂ ಹೆಚ್ಚುಕಡಿಮೆ ಇದೇ. ದೀರ್ಘಕಾಲದ ನ್ಯೂನತೆಯು ಹೊರಗಿನ ಅಡೆತಡೆಗಳಿಗೆ ಎದುರಾದಾಗ ಸಮಾಜದಲ್ಲಿ ಸಮಾನವಾಗಿ ಪಾಲ್ಗೊಳ್ಳಲು ಆಗದಂತಾದರೆ ಅದು ವೈಕಲ್ಯ ಎನ್ನುತ್ತದೆ ಕಾಯ್ದೆ. ಅದು ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾವನ್ನು ಒಳಗೊಂಡ ಕಲಿಕಾ ನ್ಯೂನತೆಯೂ ಇದೆ. ಎಡಿಎಚ್‌ಡಿ ಹೆಸರಿಲ್ಲ, ಅದೊಂದು ದೊಡ್ಡ ಲೋಪ. ಹೀಗೆ ಮಗನ ಓದಿನ ರೀತಿ ವೈವಿಧ್ಯವೂ ಹೌದು, ಮೂರು ಗಂಟೆಯ ಪ್ರಶ್ನೆಪತ್ರಿಕೆಯ ಎದುರು ವೈಕಲ್ಯವೂ ಹೌದು.

ವಿಜ್ಞಾನವೂ ಬೇರೆ ಅಚ್ಚಿನವರನ್ನು ಕಡಿಮೆ ಎಂದೇ ಎಣಿಸುತ್ತ ಬಂದದ್ದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ತಿಳಿಯುವುದಿಲ್ಲ ಎಂಬ ಸಿದ್ಧಾಂತ 1985ರಿಂದ ಚಲಾವಣೆಯಲ್ಲಿತ್ತು. ಸ್ವತಃ ಆಟಿಸಂ ಇರುವ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ‘ತಿಳಿಯದಿರುವುದು ಎರಡೂ ಕಡೆ ಇದೆ’ ಎಂದರು. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಎಂಟೆಂಟು ಜನರ ಸಾಲುಗಳಲ್ಲಿ ಒಂದು ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿ ನೋಡಿದರು. ಆಟಿಸಂ ಇರುವವರೇ ಇದ್ದ ಸಾಲು, ಇಲ್ಲದವರೇ ಇದ್ದ ಸಾಲು ಎರಡೂ ಸರಿಸಮ. ಕಥೆ ಹೆಚ್ಚು ಸೋರಿಹೋದದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ. ಹಳೆಯ ಪ್ರಯೋಗಗಳು ನೋಡಿದ್ದು ಒಂದು ಕಡೆಯವರನ್ನು ಮಾತ್ರ.

ಅನ್ಯಾಯದ ಪ್ರಶ್ನೆಗೆ ಬರೋಣ. ಇತಿಹಾಸದ ಪತ್ರಿಕೆ ಅಳೆಯಬೇಕಾದದ್ದು ಏನನ್ನು? ಪಾಣಿಪತ್ತಿನಲ್ಲಿ ಮರಾಠರು ಯಾಕೆ ಸೋತರು ಎಂದು ನಿಮ್ಮ ಮಗ ಬಾಯಲ್ಲಿ ನೆಟ್ಟಗೆ ಹೇಳಬಲ್ಲ, ಕಾಗದದ ಮೇಲೆ ಅರ್ಧಕ್ಕೆ ನಿಲ್ಲುತ್ತಾನೆ ಎಂದಿಟ್ಟುಕೊಳ್ಳಿ. ಆಗ ಪತ್ರಿಕೆ ಅಳೆದದ್ದು ಕೈಯ ವೇಗವನ್ನೇ ಹೊರತು ಇತಿಹಾಸವನ್ನಲ್ಲ. ಹೆಚ್ಚುವರಿ ಸಮಯ ಆ ತಪ್ಪನ್ನು ತಿದ್ದುತ್ತದೆ, ಉತ್ತರವನ್ನು ಹೇಳಿಕೊಡುವುದಿಲ್ಲ. ಟೈಪಿಂಗ್ ವೇಗದ ಪರೀಕ್ಷೆಯಾಗಿದ್ದರೆ ನಿಮ್ಮ ಆಕ್ಷೇಪ ಸರಿಯೇ. ನೀವಿರುವ ರಾಜ್ಯಕ್ಕೆ ಈ ವಿಷಯದಲ್ಲಿ ಹಳೆಯ ಅನುಭವವಿದೆ: ಕಲಿಕಾ ನ್ಯೂನತೆಯ ಮಕ್ಕಳಿಗೆ ಬೋರ್ಡ್ ಪರೀಕ್ಷೆಯಲ್ಲಿ ಅನುಕೂಲ ಕೊಡಲು ದೇಶದಲ್ಲೇ ಮೊದಲು, 1996ರಲ್ಲಿ, ಒಪ್ಪಿದ್ದು ಮಹಾರಾಷ್ಟ್ರ. 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿತು.

ಒಂದು ತಪ್ಪುತಿಳಿವಳಿಕೆ ಬಹಳ ಜನರಲ್ಲಿದೆ, ನಾಳೆ ನಿಮ್ಮ ಮುಂದೆಯೂ ಬರಬಹುದು. ‘ಶೇ 40 ವೈಕಲ್ಯ ಇಲ್ಲದಿದ್ದರೆ ಯಾವ ಅನುಕೂಲವೂ ಇಲ್ಲ’ ಎನ್ನುವುದು. ಶೇ 40ರ ಗೆರೆ ಮುಖ್ಯವಾಗಿ ಮೀಸಲಾತಿಯಂಥ ಸೌಲಭ್ಯಗಳಿಗೆ ಸಂಬಂಧಿಸಿದ್ದು: ಸರ್ಕಾರಿ ಕೆಲಸದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಇದೇ ಗೆರೆ ತೋರಿಸಿ, ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರನ್ನು ನಿರಾಕರಿಸಿತ್ತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಸಮಂಜಸ ಅನುಕೂಲ ಪಡೆಯುವ ಹಕ್ಕಿಗೆ ಶೇ 40ರ ಷರತ್ತು ಹಾಕುವಂತಿಲ್ಲ ಎಂದಿತು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅದಕ್ಕಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು.

ನಿಮ್ಮ ಕಂಪನಿಯ ತರಬೇತಿಯ ಬಗ್ಗೆ ನನಗೊಂದು ತಕರಾರಿದೆ. ಇಂಥ ಕಡೆಗಳಲ್ಲಿ ‘ಇವರಿಗೆ ವಿಶೇಷ ಶಕ್ತಿ ಇರುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ಪುಣೆಗೆ ಹತ್ತಿರದ ಪಂಚಗಣಿಯಲ್ಲಿ ಚಿತ್ರೀಕರಿಸಿದ ‘ತಾರೇ ಜಮೀನ್ ಪರ್’ ಸಿನಿಮಾ 2007ರಲ್ಲಿ ಡಿಸ್ಲೆಕ್ಸಿಯಾವನ್ನು ಮನೆಮಾತಾಗಿಸಿತು, ಅದರ ಉಪಕಾರ ದೊಡ್ಡದು. ಆದರೆ ಅದರಲ್ಲಿನ ಡಿಸ್ಲೆಕ್ಸಿಯಾ ಇರುವ ಹುಡುಗನಿಗೆ ಶಾಲೆಯಲ್ಲಿ ಮರ್ಯಾದೆ ಸಿಕ್ಕಿದ್ದು ಚಿತ್ರಸ್ಪರ್ಧೆ ಗೆದ್ದ ಮೇಲೆ. ಚಿತ್ರ ಬಿಡಿಸಲು ಬಾರದ, ಲೆಕ್ಕದಲ್ಲೂ ಸಾಧಾರಣನಾದ ಹುಡುಗನಿಗೂ ಅದೇ ಹಕ್ಕಿದೆ. ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವವರನ್ನು ಸಾಫ್ಟ್‌ವೇರ್ ಪರೀಕ್ಷಕರನ್ನಾಗಿ ನೇಮಿಸಿಕೊಂಡ ಪ್ರಯೋಗ ಪ್ರಸಿದ್ಧ. 2013ರಲ್ಲಿ ಆ ಕಂಪನಿ ಅದನ್ನು ಜಗತ್ತಿನಾದ್ಯಂತ ವಿಸ್ತರಿಸುವುದಾಗಿ ಘೋಷಿಸಿತು. ಒಳ್ಳೆಯದೇ. ಆದರೆ ದಿನನಿತ್ಯ ಬೇಕಾಗುವುದು ಸಣ್ಣ ಸಂಗತಿಗಳು: ಬಾಯಿಮಾತಿನ ಸೂಚನೆಯನ್ನು ಬರೆದು ಕೊಡುವುದು, ಸಂದರ್ಶನದ ಪ್ರಶ್ನೆಗಳನ್ನು ಮುಂಚಿತವಾಗಿ ಕಳಿಸುವುದು, ಕಣ್ಣಿಗೆ ಕಣ್ಣಿಟ್ಟು ಮಾತಾಡಲಿಲ್ಲವೆಂದು ಅಂಕ ಕಳೆಯದಿರುವುದು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯ್ದೆಯ 21ನೆಯ ಕಲಮು ಹೇಳುತ್ತದೆ. ನಿಮ್ಮ ಎಚ್‌ಆರ್‌ ವಿಭಾಗದವರನ್ನು ಒಮ್ಮೆ ಕೇಳಿ ನೋಡಿ, ಅದು ಎಲ್ಲಿದೆ ಎಂದು.

ಈಗ ಮಾಡಬೇಕಾದದ್ದು. ಖಾಸಗಿ ತಜ್ಞರ ವರದಿ ಮನೆಯಲ್ಲಿ ಪಾಠ ಹೇಳಿಕೊಡುವುದಕ್ಕೆ ಉಪಯೋಗಕ್ಕೆ ಬರುತ್ತದೆ. ಬೋರ್ಡಿನ ಅನುಕೂಲಗಳಿಗೆ ಸಸೂನ್‌ನಂಥ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರವೇ ಬೇಕಾಗಬಹುದು. ಯಾವ ಆಸ್ಪತ್ರೆಯದು ನಡೆಯುತ್ತದೆಂದು ಶಾಲೆಯಲ್ಲೇ ವಿಚಾರಿಸಿ, ಅರ್ಜಿಯನ್ನೂ ಅವರ ಮೂಲಕವೇ ಹಾಕಿ. ಒಂಬತ್ತನೆಯ ತರಗತಿಯ ತನಕ ಕಾಯಬೇಡಿ, ಸರದಿ ಉದ್ದವಿರುತ್ತದೆ. ಮಗನಿಗೆ ವಿಷಯ ತಿಳಿಸಿಯೇ ಕರೆದುಕೊಂಡು ಹೋಗಿ. ಅವನು ತನ್ನನ್ನು ದಡ್ಡ ಎಂದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ‘ಏನೂ ಇಲ್ಲ, ಸುಮ್ಮನೆ ತೋರಿಸಿಕೊಂಡು ಬರೋಣ’ ಎನ್ನಬೇಡಿ. ಯಾವ ಪಾಠದಲ್ಲಿ, ಯಾವ ಮೇಷ್ಟ್ರ ತರಗತಿಯಲ್ಲಿ, ಏನು ಮಾಡಿದರೆ ತನಗೆ ಸುಲಭವಾಗುತ್ತದೆ ಎಂಬುದನ್ನು ಅವನೇ ಡಾಕ್ಟರಿಗೆ ಹೇಳಲಿ.